22ನೇ ಪುಟದ ಮನುಷ್ಯ, ಒಂದು ಬ್ಲೇಡು, ಒಂದು ಸಮುದ್ರ

1954ರ ಶುರುವಿನಲ್ಲಿ ಸೋವಿಯತ್ ಒಕ್ಕೂಟದ ಎಷ್ಟೋ ಮನೆ, ಶಾಲೆ, ಲೈಬ್ರರಿಗಳಿಗೆ ಒಂದು ಟಪಾಲು ಬಂತು. ಒಳಗೆ ಅಚ್ಚಾದ ಕೆಲವು ಹಾಳೆ, ಜೊತೆಗೊಂದು ಸಣ್ಣ ಚೀಟಿ. ಕಳಿಸಿದವರು ಪೊಲೀಸರೂ ಅಲ್ಲ, ಪಾರ್ಟಿ ಆಫೀಸಿನವರೂ ಅಲ್ಲ. 'ಮಹಾ ಸೋವಿಯತ್ ವಿಶ್ವಕೋಶ'ದ ಪ್ರಕಾಶಕರು.

ಚೀಟಿಯಲ್ಲಿದ್ದದ್ದು ಇಷ್ಟು. ಐದನೇ ಸಂಪುಟದ 21, 22, 23, 24ನೇ ಪುಟಗಳನ್ನು ತೆಗೆಯಿರಿ ಅಂತ ಶಿಫಾರಸು ಮಾಡುತ್ತೇವೆ. 22 ಮತ್ತು 23ರ ನಡುವೆ ಅಂಟಿಸಿರುವ ಭಾವಚಿತ್ರವನ್ನೂ ತೆಗೆಯಿರಿ. ಬದಲಿಗೆ ಹೊಸ ಪುಟ ಕಳಿಸಿದ್ದೇವೆ. ಕತ್ತರಿಯಿಂದಲೋ ಬ್ಲೇಡಿನಿಂದಲೋ ಕತ್ತರಿಸಿ. ಪುಸ್ತಕದ ಬೆನ್ನಿನ ಹತ್ತಿರ ಸ್ವಲ್ಪ ಅಂಚು ಉಳಿಸಿ, ಆ ಅಂಚಿಗೆ ಹೊಸ ಪುಟ ಅಂಟಿಸಿ.

ಭಾವಚಿತ್ರ ಯಾರದು ಅಂತ ಅದರಲ್ಲಿಲ್ಲ. ಯಾಕೆ ತೆಗೆಯಬೇಕು ಅಂತಲೂ ಇಲ್ಲ.

ಸರ್ವಾಧಿಕಾರಿ ಆಡಳಿತಗಳು ಇತಿಹಾಸ ತಿರುಚುತ್ತವೆ ಅಂತ ನಾವೆಲ್ಲ ಕೇಳಿಯೇ ಇದ್ದೇವೆ. ಆದರೆ ಆ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ, ಯಾರ ಕೈಯಿಂದ ನಡೆಯುತ್ತದೆ ಅನ್ನುವುದಕ್ಕೆ ಈ ಚೀಟಿಗಿಂತ ಒಳ್ಳೆಯ ಸಾಕ್ಷಿ ನನಗಂತೂ ಸಿಕ್ಕಿಲ್ಲ. ಹಾಗಾಗಿ ಸ್ಟಾಲಿನ್ ಕಾಲದ ಇಡೀ ಕಥೆ ಹೇಳಲು ಹೋಗುವುದಿಲ್ಲ. ಈ ನಾಲ್ಕು ಪುಟ ಸಾಕು.

ಪುಟದಲ್ಲಿ ಇದ್ದವನು

ಲವ್ರೆಂತಿ ಬೆರಿಯಾ. 1899ರಲ್ಲಿ ಸುಖುಮಿ ಹತ್ತಿರದ ಮೆರ್ಖೆಉಲಿ ಅನ್ನುವ ಹಳ್ಳಿಯಲ್ಲಿ ಹುಟ್ಟಿದವನು, ಸ್ಟಾಲಿನ್ ಥರಾನೇ ಜಾರ್ಜಿಯಾ ಕಡೆಯವನು. 1938ರ ನವೆಂಬರಿನಲ್ಲಿ ರಹಸ್ಯ ಪೊಲೀಸ್ ಇಲಾಖೆ ಎನ್‌ಕೆವಿಡಿಯ ಮುಖ್ಯಸ್ಥನಾದ. 1940ರ ಮಾರ್ಚಿನಲ್ಲಿ ಪೋಲೆಂಡಿನ ಸೆರೆಯಾಳುಗಳನ್ನು ಗುಂಡಿಕ್ಕಿ ಕೊಲ್ಲಬೇಕು ಅನ್ನುವ ಪ್ರಸ್ತಾವ ಹೋಗಿದ್ದು ಇವನ ಸಹಿಯಲ್ಲಿ. ಸತ್ತವರು ಸುಮಾರು 22 ಸಾವಿರ. 1944ರ ಫೆಬ್ರವರಿಯಲ್ಲಿ ಚೆಚೆನ್ ಮತ್ತು ಇಂಗುಷ್ ಜನರನ್ನು, ಹತ್ತಿರ ಹತ್ತಿರ ಐದು ಲಕ್ಷ ಮಂದಿಯನ್ನು, ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಿದ್ದೂ ಇವನ ಉಸ್ತುವಾರಿಯಲ್ಲೇ. ಯುದ್ಧ ಮುಗಿದ ಮೇಲೆ ಅಣುಬಾಂಬಿನ ಯೋಜನೆಯೂ ಇವನ ಕೈಗೆ ಬಂತು.

1950ರಲ್ಲಿ ವಿಶ್ವಕೋಶದ ಎರಡನೇ ಆವೃತ್ತಿಯ ಐದನೇ ಸಂಪುಟ ಹೊರಬಂದಾಗ ಇವನಿಗೆ ಉದ್ದನೆಯ ಹೊಗಳಿಕೆಯ ಲೇಖನ, ಜೊತೆಗೆ ಇಡೀ ಪುಟದ ಭಾವಚಿತ್ರ. ಮೇಲೆ ಹೇಳಿದ ಕೊಲೆ, ಗಡೀಪಾರುಗಳಲ್ಲಿ ಒಂದೂ ಅದರಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಇಲ್ಲೊಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಬ್ಲೇಡಿಗೆ ಸಿಕ್ಕಿದ್ದು ಸತ್ಯವಲ್ಲ. ಹಳೆಯ ಸುಳ್ಳು. ಆ ಸುಳ್ಳನ್ನು ತಾವೇ ಹೇಳಿದ್ದೆವು ಅನ್ನುವುದಕ್ಕೆ ಇದ್ದ ಗುರುತನ್ನು ಅಳಿಸುವುದಕ್ಕೇ ಇಷ್ಟೆಲ್ಲ ಅಂಚೆ ಖರ್ಚು.

ಕತ್ತರಿ ಹಿಡಿದು ಬೆಳೆದವನು

ಬೆರಿಯಾ ದೊಡ್ಡವನಾಗಿದ್ದೇ ಇನ್ನೊಬ್ಬರ ನೆನಪನ್ನು ಕತ್ತರಿಸಿ. ಈ ಪ್ರಕರಣದಲ್ಲಿ ನನಗೆ ಜಾಸ್ತಿ ಕುತೂಹಲ ಇರುವುದು ಇಲ್ಲೇ.

ಅವೆಲ್ ಯೆನುಕಿಡ್ಜೆ ಅಂತ ಒಬ್ಬ ಹಳೆಯ ಬೊಲ್ಶೆವಿಕ್, ಅಂದರೆ ಲೆನಿನ್ ಪಾರ್ಟಿಯ ಕ್ರಾಂತಿಕಾರಿ, ಇದ್ದ. 1900ರ ದಶಕದ ಆರಂಭದಲ್ಲಿ ಬಾಕು ಊರಿನಲ್ಲಿ ಒಂದು ಗುಪ್ತ ಮುದ್ರಣಾಲಯ ನಡೆಯುತ್ತಿತ್ತು, ಅದನ್ನು ನಡೆಸಿದವರಲ್ಲಿ ಅವನೂ ಒಬ್ಬ. ಅದರ ನೆನಪುಗಳನ್ನು ಬರೆದ. ಬರೆದದ್ದರಲ್ಲಿ ಸ್ಟಾಲಿನ್‌ಗೆ ದೊಡ್ಡ ಪಾತ್ರ ಇರಲಿಲ್ಲ, ಯಾಕೆಂದರೆ ನಿಜದಲ್ಲೂ ಇರಲಿಲ್ಲ. ಬರೆದಾಗ ಅದೇನೂ ತಪ್ಪಾಗಿ ಯಾರಿಗೂ ಕಂಡಿರಲಿಲ್ಲ. ಆದರೆ 1935 ಬರುವ ಹೊತ್ತಿಗೆ ಕಾಕಸಸ್ ಪ್ರದೇಶದ ಕ್ರಾಂತಿ ಅಂದರೆ ಸ್ಟಾಲಿನ್, ಸ್ಟಾಲಿನ್ ಅಂದರೆ ಕ್ರಾಂತಿ ಅಂತ ಆಗಬೇಕಿತ್ತು. ಆ ವರ್ಷ ಜನವರಿಯಲ್ಲಿ ಯೆನುಕಿಡ್ಜೆ ಪಾರ್ಟಿಯ ಮುಖವಾಣಿ 'ಪ್ರಾವ್ದಾ' ಪತ್ರಿಕೆಯಲ್ಲಿ ತನ್ನ ನೆನಪುಗಳಿಗೆ ತಾನೇ ತಿದ್ದುಪಡಿ ಬರೆಯಬೇಕಾಯಿತು. ನನ್ನ ಬದುಕಿನಲ್ಲಿ ಏನು ನಡೆಯಿತು ಅಂತ ನಾನು ತಪ್ಪಾಗಿ ನೆನಪಿಟ್ಟುಕೊಂಡಿದ್ದೆ ಅಂತ.

ಅಷ್ಟಕ್ಕೇ ಬಿಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಬೆರಿಯಾ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಎರಡು ದಿನದ ಉಪನ್ಯಾಸ ಕೊಟ್ಟ. ವಿಷಯ, ಆ ಭಾಗದ ಬೊಲ್ಶೆವಿಕ್ ಸಂಘಟನೆಗಳ ಇತಿಹಾಸ. ಅದರಲ್ಲಿ ಎಲ್ಲದರ ನಡುವೆ ಯುವಕ ಸ್ಟಾಲಿನ್ ನಿಂತಿದ್ದ, ಯೆನುಕಿಡ್ಜೆ ಥರದವರು ಇತಿಹಾಸ ಕೆಡಿಸಿದವರಾಗಿದ್ದರು. ಉಪನ್ಯಾಸ 'ಪ್ರಾವ್ದಾ'ದಲ್ಲಿ ಬಂತು, ಪುಸ್ತಕವಾಯಿತು, ಎಷ್ಟೋ ಭಾಷೆಗಳಿಗೆ ಹೋಯಿತು. ಪುಸ್ತಕ ಬೆರಿಯಾ ಬರೆದದ್ದಲ್ಲ, ಬೇರೆಯವರ ಕೈಯಲ್ಲಿ ಬರೆಸಿದ್ದು. ಹಾಗೆ ಬರೆದುಕೊಟ್ಟವರಲ್ಲಿ ಒಬ್ಬನೆಂದು ಹೇಳಲಾಗುವ ಬೆದಿಯಾ ಅನ್ನುವವನನ್ನು 1937ರಲ್ಲಿ ಗುಂಡಿಕ್ಕಿ ಕೊಂದರು. ಯೆನುಕಿಡ್ಜೆಯನ್ನೂ ಅದೇ ವರ್ಷ ಕೊಂದರು.

ತಿದ್ದುಪಡಿ ಬರೆದವನೂ ಹೋದ, ತಿದ್ದಿದ ಇತಿಹಾಸ ಬರೆದುಕೊಟ್ಟವನೂ ಹೋದ. ಉಳಿದದ್ದು ಪುಸ್ತಕ, ಮತ್ತು ಅದರ ಮೇಲೆ ಹೆಸರಿದ್ದವನು.

ಇನ್ನು ಭಾಷೆಯ ವಿಷಯ. ಆ ಕಾಲದಲ್ಲಿ ಬಂಧನವಾದವರ ಮನೆಯವರು ಪೊಲೀಸ್ ಇಲಾಖೆಯ ಕಿಟಕಿಯ ಮುಂದೆ ಸಾಲು ನಿಂತು, ನಮ್ಮವರು ಎಲ್ಲಿ ಅಂತ ಕೇಳಿದರೆ ಸಿಗುತ್ತಿದ್ದ ಒಂದು ಉತ್ತರ, 'ಪತ್ರ ವ್ಯವಹಾರದ ಹಕ್ಕಿಲ್ಲದ ಹತ್ತು ವರ್ಷ'. ಕೇಳಿದವರು ಹತ್ತು ವರ್ಷ ಎಣಿಸುತ್ತಾ ಕೂತರು. ಬಹಳಷ್ಟು ಸಲ ಆ ಮಾತಿನ ಅರ್ಥ, ಆ ಮನುಷ್ಯ ಆಗಲೇ ಸತ್ತಿದ್ದಾನೆ. ನೋಡಿ, ವಾಕ್ಯದಲ್ಲಿ ಒಂದು ಕೆಟ್ಟ ಪದವೂ ಇಲ್ಲ. ಹಕ್ಕು ಇದೆ, ಪತ್ರ ಇದೆ, ವರ್ಷ ಇದೆ. ನಮ್ಮ ಯಾವುದೋ ತಾಲೂಕು ಆಫೀಸಿನ ಹಿಂಬರಹದ ಹಾಗೆ ಕೇಳಿಸುತ್ತದೆ.

ಇದು ಬೆರಿಯಾ ಹೋದ ಮೇಲೂ ನಿಲ್ಲಲಿಲ್ಲ. 1955ರಲ್ಲಿ ಎನ್‌ಕೆವಿಡಿಯ ಜಾಗಕ್ಕೆ ಬಂದಿದ್ದ ಕೆಜಿಬಿ ಒಳಗಿಂದೊಳಗೆ ಒಂದು ಆದೇಶ ಹೊರಡಿಸಿತು. ಗುಂಡಿಕ್ಕಿ ಕೊಂದವರ ಮನೆಯವರು ವಿಚಾರಿಸಿದರೆ, ಶಿಬಿರದಲ್ಲಿ ಕಾಯಿಲೆಯಿಂದ ತೀರಿಕೊಂಡರು ಅಂತ ಸುಳ್ಳು ತಾರೀಕು, ಸುಳ್ಳು ಕಾರಣ ಹಾಕಿ ಹೇಳಬೇಕು ಅಂತ. ತಂದೆ 1938ರಲ್ಲಿ ಸತ್ತಿದ್ದರೂ ಮಗನ ಕೈಗೆ ಸಿಕ್ಕ ಕಾಗದದಲ್ಲಿ 1940ರ ದಶಕದ ಯಾವುದೋ ದಿನ.

ಹೆಸರು ಕಾಣದ ಪತ್ರಿಕೆ

1953ರ ಮಾರ್ಚ್ 5ರಂದು ಸ್ಟಾಲಿನ್ ಸತ್ತ. ಬೆರಿಯಾ ಸರ್ಕಾರದ ಮುಂಚೂಣಿಗೆ ಬಂದ. ಆಮೇಲಿನ ಮೂರೂವರೆ ತಿಂಗಳು ವಿಚಿತ್ರವಾಗಿವೆ, ಯಾಕೆಂದರೆ ಹತ್ತು ಲಕ್ಷಕ್ಕೂ ಹೆಚ್ಚು ಕೈದಿಗಳಿಗೆ ಕ್ಷಮಾದಾನ ಸಿಕ್ಕಿದ್ದೂ, ನಾಯಕರನ್ನು ಕೊಲ್ಲಲು ವೈದ್ಯರು ಪಿತೂರಿ ಮಾಡಿದ್ದರು ಅಂತ ಹೇಳಿದ್ದೆಲ್ಲ ಸುಳ್ಳು ಅಂತ ಸರ್ಕಾರವೇ ಒಪ್ಪಿಕೊಂಡಿದ್ದೂ ಆಗಲೇ, ಎರಡಕ್ಕೂ ಮುಂದೆ ನಿಂತವನು ಬೆರಿಯಾನೇ. ಒಳ್ಳೆಯವನಾದ ಅಂತಲ್ಲ. ಗಾಳಿ ಎತ್ತ ಬೀಸುತ್ತಿದೆ ಅಂತ ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು.

ಆದರೆ ಜೂನ್ 26ರ ಗಾಳಿ ಗೊತ್ತಾಗಲಿಲ್ಲ. ಕ್ರೆಮ್ಲಿನ್‌ನಲ್ಲಿ ಸಭೆ ನಡೆಯುತ್ತಿದ್ದಾಗಲೇ ಪಾರ್ಟಿ ನಾಯಕ ಕ್ರುಶ್ಚೇವ್ ಮತ್ತು ಉಳಿದ ನಾಯಕರು ಸೇರಿ ಅವನನ್ನು ಬಂಧಿಸಿದರು. ಹಿಡಿಯಲು ಬಂದ ಸೇನಾಧಿಕಾರಿಗಳಲ್ಲಿ ಮಾರ್ಷಲ್ ಝುಕೋವ್ ಇದ್ದ.

ದೇಶಕ್ಕೆ ಯಾರೂ ಹೇಳಲಿಲ್ಲ. ಮರುದಿನ ಸಂಜೆ ನಾಯಕರೆಲ್ಲ ಬೊಲ್ಶೋಯ್ ರಂಗಮಂದಿರದಲ್ಲಿ ಒಪೆರಾ ನೋಡಿದರು. 28ರ 'ಪ್ರಾವ್ದಾ'ದಲ್ಲಿ ಯಾರ್‍ಯಾರು ಬಂದಿದ್ದರು ಅಂತ ಹೆಸರುಗಳ ಪಟ್ಟಿ. ಅದರಲ್ಲಿ ಬೆರಿಯಾ ಇಲ್ಲ. ಸುದ್ದಿ ಅಂದರೆ ಅದೇ. ಓದುವುದು ಗೊತ್ತಿದ್ದವರಿಗೆ ಅಷ್ಟು ಸಾಕಾಯಿತು. ನಾವು ಪತ್ರಿಕೆಯಲ್ಲಿ ಏನಿದೆ ಅಂತ ಓದುತ್ತೇವೆ, ಅಲ್ಲಿನವರು ಏನಿಲ್ಲ ಅಂತ ಓದುವುದನ್ನು ಕಲಿತಿದ್ದರು. ಇಂಥ ಆಡಳಿತದಲ್ಲಿ ಬದುಕಿದವರ ಸಾಕ್ಷರತೆಯೇ ಬೇರೆ.

ಅಧಿಕೃತವಾಗಿ ಹೇಳಿದ್ದು ಜುಲೈ 10ಕ್ಕೆ. ಆಗ ಅವನು ಪಾರ್ಟಿಯ ಮತ್ತು ಜನತೆಯ ಶತ್ರು, ಸಾಮ್ರಾಜ್ಯಶಾಹಿಗಳ ಏಜೆಂಟು. ಇವೇ ಪದಗಳನ್ನು ಅವನ ಇಲಾಖೆ ಲಕ್ಷಾಂತರ ಜನರ ಕಡತಗಳ ಮೇಲೆ ಬರೆದಿತ್ತು. ಡಿಸೆಂಬರ್ 23ರಂದು ಮಾರ್ಷಲ್ ಕೊನೆವ್ ಅಧ್ಯಕ್ಷತೆಯ ವಿಶೇಷ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಅದೇ ದಿನ ಗುಂಡು ಹಾರಿತು.

ಆರೋಪಗಳಲ್ಲಿ ವಿದೇಶಿ ಗೂಢಚರ್ಯೆ ಇತ್ತು, ಬಾಕುವಿನಲ್ಲಿ ಯುವಕನಾಗಿದ್ದಾಗ ವಿರೋಧಿಗಳ ಬೇಹುಗಾರಿಕೆಗೆ ಕೆಲಸ ಮಾಡಿದ್ದ ಅಂತ ಇತ್ತು, ಅಧಿಕಾರ ಕಬಳಿಸಲು ಹೊಂಚು ಹಾಕಿದ ಅಂತ ಇತ್ತು. ಪೋಲೆಂಡಿನ ಸೆರೆಯಾಳುಗಳ ಮಾತು ಇರಲಿಲ್ಲ. ಕೊಲ್ಲುವ ಆ ಪ್ರಸ್ತಾವದ ಕಾಗದದ ಮೇಲೆ ಸ್ಟಾಲಿನ್, ವೊರೊಶಿಲೋವ್, ಮೊಲೊತೋವ್, ಮಿಕೊಯಾನ್ ಸಹಿಯೂ ಇತ್ತಲ್ಲ. ಕೊನೆಯ ಮೂವರೂ 1953ರಲ್ಲಿ ಅಧಿಕಾರದಲ್ಲೇ ಇದ್ದರು. ಆ ಕೊಲೆಗಳನ್ನು ಜರ್ಮನ್ನರು ಮಾಡಿದರು ಅಂತಲೇ ದೇಶ 1990ರವರೆಗೂ ಹೇಳುತ್ತಾ ಬಂತು. ಅಂದರೆ ಅವನು ನಿಜವಾಗಿ ಮಾಡಿದ್ದನ್ನು ಹೇಳಲು ಭಾಷೆ ಇರಲಿಲ್ಲ, ಇದ್ದ ಭಾಷೆಯಲ್ಲಿ ಹೇಳಿದರೆ ಹೇಳುವವರೂ ಸಿಕ್ಕಿಬೀಳುತ್ತಿದ್ದರು. ಹಾಗಾಗಿ ಹಳೆಯ ಅಚ್ಚಿನಲ್ಲೇ ಹೊಸ ಶತ್ರುವನ್ನು ಸುರಿದರು.

ಟಿಬಿಲಿಸಿಯ ನಡುವಿನ ಚೌಕಕ್ಕೆ ಬೆರಿಯಾ ಚೌಕ ಅಂತ ಹೆಸರಿತ್ತು. ಅದು ಲೆನಿನ್ ಚೌಕವಾಯಿತು. ಈಗ ಅದು ಸ್ವಾತಂತ್ರ್ಯ ಚೌಕ.

ಉಳಿದದ್ದು ವಿಶ್ವಕೋಶ.

ಚೀಟಿಯನ್ನು ನಿಧಾನವಾಗಿ ಓದಿದರೆ

ನಮ್ಮ ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ 'ತಪ್ಪು – ಒಪ್ಪು' ಅಂತ ಒಂದು ಪಟ್ಟಿ ಇರುತ್ತದೆ. ಇಷ್ಟನೇ ಪುಟದ ಇಷ್ಟನೇ ಸಾಲಿನಲ್ಲಿ ಹೀಗಿದೆ, ಹೀಗೆ ಓದಿಕೊಳ್ಳಿ. ತಪ್ಪು ಅಲ್ಲೇ ಇರುತ್ತದೆ, ಒಪ್ಪು ಪಕ್ಕದಲ್ಲಿ ಬರುತ್ತದೆ, ಎರಡನ್ನೂ ನೋಡಬಹುದು. ಅಚ್ಚಿನ ಮೊಳೆ ಜೋಡಿಸಿದವನಿಂದಲೂ ತಪ್ಪಾಗುತ್ತದೆ ಅಂತ ಒಪ್ಪಿಕೊಂಡ ಪುಸ್ತಕ ಅದು. ಮಾಸ್ಕೋದ ಚೀಟಿಯಲ್ಲಿ ತಪ್ಪು ಅನ್ನುವ ಪದವೇ ಇಲ್ಲ. ತಪ್ಪಾಗಿದೆ ಅಂದರೆ ಯಾರದು, ಯಾಕೆ ಅನ್ನುವ ಪ್ರಶ್ನೆ ಏಳುತ್ತದೆ. ಪುಟದ ಸಂಖ್ಯೆ ಹೇಳಿದರೆ ಪ್ರಶ್ನೆ ಏಳುವುದಿಲ್ಲ.

ಇನ್ನೊಂದು, 'ಶಿಫಾರಸು ಮಾಡುತ್ತೇವೆ'. ಕತ್ತರಿಸದಿದ್ದರೆ ದಂಡ ಅಂತ ಇಲ್ಲ, ಕತ್ತರಿಸಿದ ಪುಟ ವಾಪಸ್ ಕಳಿಸಿ ಅಂತಲೂ ಇಲ್ಲ. ಹದಿನೈದು ವರ್ಷದ ಹಿಂದೆ 'ಜನತೆಯ ಶತ್ರು'ವಿನ ಫೋಟೋ ಮನೆಯಲ್ಲಿ ಸಿಕ್ಕಿದರೆ ಏನಾಗುತ್ತಿತ್ತು ಅಂತ ನೋಡಿದ್ದ ಜನಕ್ಕೆ ಆ ಶಿಫಾರಸಿನ ತೂಕ ವಿವರಿಸಬೇಕಿರಲಿಲ್ಲ.

ಮೂರನೆಯದು 'ತೆಗೆಯಿರಿ' ಅನ್ನುವುದಕ್ಕೆ ಬಳಸಿದ ರಷ್ಯನ್ ಪದ, ಇಝ್ಯಾತ್. ಮಾಮೂಲಿ ಆಫೀಸು ಪದ, ಹಿಂತೆಗೆದುಕೊಳ್ಳುವುದು, ವಶಪಡಿಸಿಕೊಳ್ಳುವುದು ಅಂತ ಅರ್ಥ. 1922ರಲ್ಲಿ ಚರ್ಚುಗಳ ಬೆಳ್ಳಿ ಬಂಗಾರ ಕಿತ್ತುಕೊಂಡಿದ್ದಕ್ಕೂ ಇದೇ ಪದ. ಲೈಬ್ರರಿಯಿಂದ ಪುಸ್ತಕ ಎತ್ತಿ ಬೀಗ ಹಾಕಿದ ಕೋಣೆಗೆ ಸಾಗಿಸಿದ್ದಕ್ಕೂ ಇದೇ ಪದ. ಎನ್‌ಕೆವಿಡಿ ಕಡತಗಳಲ್ಲಿ ಬೇಡದ ಜನರನ್ನು ಹಿಡಿದು ಹಾಕುವುದಕ್ಕೂ ಇದೇ. ಪುಟಕ್ಕೂ ಮನುಷ್ಯನಿಗೂ ಒಂದೇ ಕ್ರಿಯಾಪದ ಇದ್ದರೆ ಕೆಲಸ ಮಾಡುವ ಕೈಗೆ ಎರಡರ ನಡುವೆ ವ್ಯತ್ಯಾಸ ಕಾಣುವುದು ಕಮ್ಮಿಯಾಗುತ್ತದೆ ಅನ್ನಿಸುತ್ತದೆ ನನಗೆ.

ಖಾಲಿ ಜಾಗಕ್ಕೆ ಏನು ತುಂಬಿದರು

ಇದು ಪ್ರಿಂಟಿಂಗ್ ಗೊತ್ತಿರುವವರಿಗೆ ಇಷ್ಟವಾಗುವ ಭಾಗ. ಪುಟ ಸುಮ್ನೆ ಕಿತ್ತರೆ ಆಗುವುದಿಲ್ಲ. 20ನೇ ಪುಟ ಎಲ್ಲಿ ನಿಂತಿದೆಯೋ ಅಲ್ಲಿಂದ ಹಿಡಿದು, 25ನೇ ಪುಟ ಶುರುವಾಗುವ ಪದಕ್ಕೆ ಸರಿಯಾಗಿ ಬಂದು ಸೇರಬೇಕು. ಅಕ್ಷರಮಾಲೆ ತಪ್ಪಬಾರದು. ಅಂದರೆ ರಷ್ಯನ್ ಅಕಾರಾದಿಯಲ್ಲಿ ಬೆರಿಯಾ ಅಕ್ಕಪಕ್ಕ ಕೂರುವವರೇ ಸ್ವಲ್ಪ ದಪ್ಪಗಾಗಿ ಆ ಜಾಗ ತುಂಬಬೇಕು.

ಸಿಕ್ಕವರು ಯಾರು? ಒಬ್ಬ ಬೆರ್ಗ್‌ಹೋಲ್ಟ್ಸ್. ಪೀಟರ್ ದೊರೆಯ ಕೊನೆಯ ವರ್ಷಗಳಲ್ಲಿ ರಷ್ಯಾಕ್ಕೆ ಬಂದು ದಿನಚರಿ ಬರೆದಿಟ್ಟ ಒಬ್ಬ ಜರ್ಮನ್ ಆಸ್ಥಾನಿಕ. ಆ ದಿನಚರಿ ಇತಿಹಾಸಕಾರರಿಗೆ ಉಪಯುಕ್ತವೇ, ಆದರೆ ಅಲ್ಲಿವರೆಗೆ ಅವನ ಬಗ್ಗೆ ಇಷ್ಟು ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಇನ್ನೊಂದು ಬೇರಿಂಗ್ ಸಮುದ್ರ, ಚಿತ್ರ ಸಮೇತ. ಏಷ್ಯಾ ಮತ್ತು ಅಮೆರಿಕದ ನಡುವೆ ಸುಮಾರು 23 ಲಕ್ಷ ಚದರ ಕಿಲೋಮೀಟರ್ ತಣ್ಣನೆ ನೀರು. ರಹಸ್ಯ ಪೊಲೀಸ್ ಮುಖ್ಯಸ್ಥನನ್ನು ಮುಳುಗಿಸಲು ಸಾಕಷ್ಟು ಆಳವಿದೆ.

ಮೂರನೆಯವನು ಐರ್ಲೆಂಡಿನ ತತ್ವಜ್ಞಾನಿ ಬಿಷಪ್ ಬರ್ಕ್ಲಿ. ಕಂಡರೆ ಮಾತ್ರ ಇದೆ, ಕಾಣದ ವಸ್ತು ಇದೆ ಅನ್ನುವುದಕ್ಕೆ ಅರ್ಥವಿಲ್ಲ ಅಂತ ವಾದಿಸಿದವನು. ಲೆನಿನ್ ಇವನನ್ನು ಬಿಡದೆ ಜಾಡಿಸಿದ್ದ, ಸೋವಿಯತ್ ಕಾಲೇಜುಗಳಲ್ಲಿ ಇವನು ಬೈಸಿಕೊಳ್ಳುವ ಪಟ್ಟಿಯಲ್ಲಿ ಮೊದಲಿಗ. ವಸ್ತು ಇರುವುದು ನಮ್ಮ ಅರಿವಿಗೆ ಹೊರಗೆ, ಸ್ವತಂತ್ರವಾಗಿ ಅನ್ನುವುದೇ ಆ ದೇಶದ ಅಧಿಕೃತ ತತ್ವ. ಅಂಥ ದೇಶ ಒಬ್ಬ ಮನುಷ್ಯನನ್ನು ಕಣ್ಣಿಗೆ ಕಾಣದ ಹಾಗೆ ಮಾಡಿ, ಇಲ್ಲವೇ ಇಲ್ಲ ಅನ್ನಿಸಿ, ಆ ಜಾಗಕ್ಕೆ ಬರ್ಕ್ಲಿಯನ್ನು ತಂದು ಕೂರಿಸಿತು. ಸಂಪಾದಕರಲ್ಲಿ ಯಾರಾದರೂ ಒಳಗೊಳಗೇ ನಕ್ಕಿರಬಹುದಾ? ಅಕ್ಷರಮಾಲೆಯ ಆಟ ಅಷ್ಟೇ ಇರಬೇಕು. ಆದರೂ ಚೆನ್ನಾಗಿದೆ.

ಗಮನಿಸಬೇಕಾದ ವಿಷಯ, ಹೊಸ ಪುಟಗಳು ಬಚ್ಚಿಡಲು ಬಂದಿದ್ದವು, ಅದಕ್ಕೆ ಅವು ಸುಳ್ಳು ಹೇಳಬೇಕಾಗಿರಲಿಲ್ಲ. ಸಮುದ್ರ ಅಲ್ಲಿ ಇದ್ದೇ ಇದೆ. ಒಂದೊಂದು ಸಾಲನ್ನೂ ಭೂಪಟ ಇಟ್ಟುಕೊಂಡು ಪರೀಕ್ಷಿಸಿದರೂ ನಿಮಗೆ ಮೋಸ ಸಿಕ್ಕುವುದಿಲ್ಲ. ಸುಳ್ಳು ಸುದ್ದಿ ಪತ್ತೆ ಮಾಡುವ ನಮ್ಮ ಇವತ್ತಿನ ಅಭ್ಯಾಸವೆಲ್ಲ ಇಂಥ ಪುಟದ ಮುಂದೆ ಕೈಕಟ್ಟಿ ನಿಲ್ಲುತ್ತದೆ, ಯಾಕೆಂದರೆ ಇಲ್ಲಿ ಪರೀಕ್ಷಿಸಬೇಕಾದ ಮಾತು ಪುಟದಲ್ಲೇ ಇಲ್ಲ.

ಊಟದ ಮೇಜಿನ ಮೇಲೆ

ಎರಡನೇ ಆವೃತ್ತಿ ಅಚ್ಚಾದದ್ದು ಎರಡೂವರೆಯಿಂದ ಮೂರು ಲಕ್ಷ ಪ್ರತಿ. ಒಟ್ಟು 51 ಸಂಪುಟ, 1958ಕ್ಕೆ ಮುಗಿಯಿತು. ಸರ್ಕಾರ ಬೇಕಿದ್ದರೆ ಸಂಪುಟಗಳನ್ನು ವಾಪಸ್ ತರಿಸಿಕೊಂಡು ತಾನೇ ಕತ್ತರಿಸಬಹುದಿತ್ತು. ಅದು ದುಬಾರಿ, ಸದ್ದೂ ಜಾಸ್ತಿ. ಓದುವವನ ಕೈಗೇ ಬ್ಲೇಡು ಕೊಟ್ಟರೆ ಅಗ್ಗ. ಜೊತೆಗೆ ಇನ್ನೊಂದು ಲಾಭ ಇದೆ.

ಕೂತು ಊಹಿಸಿಕೊಳ್ಳಿ. ದುಡ್ಡು ಕೊಟ್ಟು ಕೊಂಡ ದಪ್ಪ ಪುಸ್ತಕ, ಮನೆಯ ಹೆಮ್ಮೆ. ಕತ್ತರಿಸುವಾಗ ಭಾವಚಿತ್ರ ನಿಮ್ಮ ಮುಖಕ್ಕೆ ಮುಖ ಕೊಟ್ಟು ಬಿದ್ದಿರುತ್ತದೆ. ಅಂಚು ಹಾಳಾಗದ ಹಾಗೆ ನಿಧಾನವಾಗಿ ಎಳೆಯಬೇಕು. ಗೋಂದು ಹಚ್ಚಬೇಕು, ಒಣಗಲು ಭಾರ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಆ ಮನುಷ್ಯ ಇದ್ದದ್ದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಅದನ್ನು ಹೇಳಲು ನಿಮಗಿಂತ ಹೆಚ್ಚು ಹಿಂಜರಿಯುವವರೂ ಇಲ್ಲ. ಕೆಲಸದಲ್ಲಿ ನೀವೂ ಪಾಲುದಾರರು.

ಈ ಅಭ್ಯಾಸ 1954ರಲ್ಲಿ ಹುಟ್ಟಿದ್ದಲ್ಲ. 1935ರಲ್ಲಿ ಸೋವಿಯತ್ ಸೇನೆಯ ಮೊದಲ ಐವರು ಮಾರ್ಷಲ್‌ಗಳ ಚಿತ್ರ ಎಲ್ಲ ಕಡೆ ಬಂತು. ಮುಂದಿನ ನಾಲ್ಕು ವರ್ಷದೊಳಗೆ ಅವರಲ್ಲಿ ಮೂವರು, ತುಖಾಚೆವ್‌ಸ್ಕಿ, ಬ್ಲ್ಯೂಖರ್, ಯೆಗೊರೋವ್, ಮುಗಿದಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕ ತೆಗೆಸಿ ಆ ಮುಖಗಳ ಮೇಲೆ ಶಾಯಿ ಬಳಿಸುತ್ತಿದ್ದರು, ಆ ಮಕ್ಕಳು ಮುದುಕರಾದ ಮೇಲೆ ಇದನ್ನು ನೆನೆಸಿಕೊಂಡಿದ್ದಾರೆ. ನಮ್ಮ ಕಡೆ ಚಿಕ್ಕಂದಿನಲ್ಲಿ ಸೋವಿಯತ್ ಮ್ಯಾಗಜೀನುಗಳ ನುಣುಪು ಹಾಳೆ ಸಿಕ್ಕರೆ ಪಠ್ಯಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆವು, ಟ್ರ್ಯಾಕ್ಟರು, ಗೋಧಿ ಹೊಲ, ನಗುವ ಹುಡುಗಿಯರು. ಆ ದೇಶದ ಮಕ್ಕಳು ತಮ್ಮ ಪುಸ್ತಕಕ್ಕೆ ಏನು ಮಾಡಿದ್ದರು ಅಂತ ಆಗ ಗೊತ್ತಿರಲಿಲ್ಲ.

ದೊಡ್ಡವರ ಕಥೆಯೂ ಇದೆ. ಅಲೆಕ್ಸಾಂಡರ್ ರೋದ್ಚೆಂಕೊ ಜಗತ್ತೇ ಬಲ್ಲ ವಿನ್ಯಾಸಕಾರ. ಉಜ್ಬೆಕಿಸ್ತಾನದ ಹತ್ತು ವರ್ಷಗಳ ಬಗ್ಗೆ 1934ರಲ್ಲಿ ಒಂದು ಚೆಂದದ ಆಲ್ಬಮ್ ಮಾಡಿದ. ಮೂರು ನಾಲ್ಕು ವರ್ಷದಲ್ಲಿ ಅದರಲ್ಲಿದ್ದ ನಾಯಕರನ್ನೇ ಹಿಡಿದು ಕೊಂದರು. ರೋದ್ಚೆಂಕೊ ತನ್ನ ಮನೆಯಲ್ಲಿದ್ದ ಪ್ರತಿ ತೆಗೆದು, ತಾನೇ ಜೋಡಿಸಿದ್ದ ಪುಟಗಳಲ್ಲಿ, ಆ ಮುಖಗಳ ಮೇಲೆ ಕಪ್ಪು ಶಾಯಿ ಬಳಿದ. ದಪ್ಪಗೆ, ಗುಂಡಗೆ. ಕೋಟು ಹಾಗೇ ಇದೆ, ಕೊರಳಪಟ್ಟಿ ಹಾಗೇ ಇದೆ, ಮುಖದ ಜಾಗದಲ್ಲಿ ಕಪ್ಪು ಮೊಟ್ಟೆ. 1980ರ ದಶಕದಲ್ಲಿ ಆ ಪ್ರತಿ ಬ್ರಿಟನ್ನಿನ ಸಂಗ್ರಾಹಕ ಡೇವಿಡ್ ಕಿಂಗ್ ಕಣ್ಣಿಗೆ ಬಿತ್ತು.

ಫೋಟೋದಿಂದ ಮನುಷ್ಯರನ್ನು ಮಾಯ ಮಾಡಿದ್ದು ನೀವು ನೋಡಿರುತ್ತೀರಿ. ಮಾಸ್ಕೋ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕ ಯೆಝೋವ್ ನಿಂತಿರುವುದು, ಆಮೇಲೆ ಅಲ್ಲಿ ಬರೀ ನೀರು ಇರುವುದು. ಆ ಯೆಝೋವ್ ಬೆರಿಯಾಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದವನು. ಅವನಿಗೂ ಕೊನೆಗೆ ನೀರೇ ಗತಿಯಾಯಿತು. ಆದರೆ ಫೋಟೋ ತಿದ್ದಿದವರು ಸಂಬಳದ ಕೆಲಸಗಾರರು. ರೋದ್ಚೆಂಕೊ ಬಳಿದದ್ದು ತನ್ನ ಮನೆಯಲ್ಲಿ, ತನ್ನ ಕುಂಚದಿಂದ, ಯಾವ ಚೀಟಿಯೂ ಬರದೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಅದು.

ಆಮೇಲೆ

1969ರಿಂದ ಬರಲು ಶುರುವಾದ ಮೂರನೇ ಆವೃತ್ತಿಯಲ್ಲಿ ಬೆರಿಯಾ ಹೆಸರಿನ ಲೇಖನವೇ ಇಲ್ಲ. ಈ ಸಲ ಯಾರಿಗೂ ಕತ್ತರಿ ಹಿಡಿಯುವ ತೊಂದರೆ ಕೊಡಲಿಲ್ಲ.

ಅವನನ್ನು ಹಿಡಿಸಿದ ಕ್ರುಶ್ಚೇವ್‌ನನ್ನು 1964ರ ಅಕ್ಟೋಬರಿನಲ್ಲಿ ಕೆಳಗಿಳಿಸಿದರು. ಕೊಲ್ಲಲಿಲ್ಲ, ಅದೊಂದು ಬದಲಾವಣೆ. ಆದರೆ ಪತ್ರಿಕೆಗಳಿಂದ ಹೆಸರು ಮಾಯವಾಯಿತು. 1971ರ ಸೆಪ್ಟೆಂಬರ್ 11ರಂದು ಅವನು ಸತ್ತಾಗ 'ಪ್ರಾವ್ದಾ' ಎರಡು ದಿನ ಬಿಟ್ಟು ಒಂದು ಪುಟ್ಟ ಸುದ್ದಿ ಹಾಕಿತು. ಹಳೆಯ ಹುದ್ದೆಗಳನ್ನು ಹೇಳಿ, ಪಿಂಚಣಿದಾರ ನಿಕಿತಾ ಸೆರ್ಗೆಯೆವಿಚ್ ಕ್ರುಶ್ಚೇವ್ ತೀರಿಕೊಂಡರು ಅಂತ.

ಚೀಟಿ ವಿದೇಶದ ಲೈಬ್ರರಿಗಳಿಗೂ ಹೋಗಿತ್ತು. ಹಾಗಾಗಿ ಐದನೇ ಸಂಪುಟದಲ್ಲಿ ಎರಡು ಜಾತಿ ಇವೆ. ಒಂದರಲ್ಲಿ 22ನೇ ಪುಟ ದಾಟಿದರೆ ಮೂಗಿನ ಮೇಲೆ ಕನ್ನಡಕ ಸಿಕ್ಕಿಸಿಕೊಂಡ ಬೆರಿಯಾ ಎದುರಾಗುತ್ತಾನೆ. ಇನ್ನೊಂದರಲ್ಲಿ ಸಮುದ್ರ. ಎರಡನೆಯದು ಕೈಗೆ ಸಿಕ್ಕರೆ ಪುಟ ಅಗಲಿಸಿ, ಪುಸ್ತಕದ ಬೆನ್ನಿನ ಹತ್ತಿರ ಬೆರಳಾಡಿಸಿ ನೋಡಿ. ಅಂಚು ಉಳಿಸಿ ಅಂತ ಚೀಟಿಯೇ ಹೇಳಿತ್ತಲ್ಲ, ಗೋಂದಿನ ಕೆಳಗೆ ಹಳೆಯ ಕಾಗದದ ಆ ಪಟ್ಟಿ ಇನ್ನೂ ಇರುತ್ತದೆ, ಒಂದು ಬೆರಳಿನಷ್ಟು ಅಗಲ.